ಕಿಟಕಿ ಯಾವ ದಿಕ್ಕಿಗಿದೆ, ಮೊದಲು ಅದು ಹೇಳಿ

ಈ ಸಲ ಪತ್ರಗಳೆಲ್ಲ ಮನೆಯೊಳಗಿನ ಗಿಡಗಳ ಬಗ್ಗೆಯೇ ಬಂದಿವೆ. ‘ಹಾಲ್‌ಗೆ ಯಾವ ಗಿಡ ಚಂದ?’ ಅಂತ ತುಂಬಾ ಜನ ಕೇಳಿದ್ದೀರಿ. ಕಿಟಕಿ ಯಾವ ದಿಕ್ಕಿಗಿದೆ ಅಂತ ಬರೆದವರು ಕಡಿಮೆ. ಅದು ಗೊತ್ತಾಗದೆ ಗಿಡದ ಹೆಸರು ಹೇಳಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಮುಂಬಯಿಯಲ್ಲಿ ಎದುರಿನ ಬಿಲ್ಡಿಂಗ್ ಎಷ್ಟು ಹತ್ತಿರ ಇದೆ ಅನ್ನುವುದೂ ಅಷ್ಟೇ ಮುಖ್ಯ. ಆ ವಿವರ ಕೊಟ್ಟ ಪತ್ರದಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ನಮ್ಮದು ಒಂದು ಬೆಡ್‌ರೂಮಿನ ಫ್ಲ್ಯಾಟ್. ಹಾಲ್ ಚಿಕ್ಕದು, ಒಂದೇ ಕಿಟಕಿ, ಅದೂ ಪಶ್ಚಿಮಕ್ಕೆ. ಫೋಟೋಗಳನ್ನು ನೋಡಿ ಆಸೆಯಾಗಿ ಹದಿನೈದಿಪ್ಪತ್ತು ಸಣ್ಣ ಗಿಡ ತಂದೆ. ಟಿ.ವಿ. ಪಕ್ಕ, ಶೋಕೇಸ್ ಮೇಲೆ, ಫ್ರಿಜ್ ಮೇಲೆ, ಎಲ್ಲ ಕಡೆ ಇಟ್ಟಿದ್ದೇನೆ. ಫೋಟೋದ ಹಾಗೆ ಕಾಣುತ್ತಿಲ್ಲ. ಅರ್ಧಕ್ಕರ್ಧ ಬಾಡಿಯೂ ಹೋಗಿವೆ. ಏನು ಮಾಡಲಿ? (ಡೊಂಬಿವಲಿಯ ಓದುಗರು)

ಎರಡು ತೊಂದರೆ ಒಟ್ಟಿಗೆ ಆಗಿದೆ. ಗಿಡ ಬಾಡಿದ್ದು ಬೆಳಕಿಲ್ಲದೆ. ಚಂದ ಕಾಣದ್ದು ಅವು ಚದುರಿ ಹೋಗಿರುವುದರಿಂದ.

ಬೆಳಕಿನ ವಿಷಯ ಮೊದಲು. ಬೆಳಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಲೈಟ್ ಎಲ್ಲ ಆರಿಸಿ. ಗಿಡ ಇಟ್ಟ ಜಾಗದಲ್ಲಿ ಒಂದು ಬಿಳಿ ಕಾಗದ ಇಟ್ಟು, ಅದರಿಂದ ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಬಿದ್ದರೆ ಅಲ್ಲಿ ಒಳ್ಳೆಯ ಬೆಳಕಿದೆ. ಮಸುಕಾಗಿ ಬಿದ್ದರೆ ಸುಮಾರು. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಹೆಚ್ಚು ದಿನ ಬಾಳುವುದಿಲ್ಲ. ನಮ್ಮ ಕಣ್ಣು ಮಬ್ಬಿಗೆ ಬೇಗ ಹೊಂದಿಕೊಳ್ಳುತ್ತದೆ, ಹಾಗಾಗಿ ಕೋಣೆಯೆಲ್ಲ ಒಂದೇ ಥರ ಬೆಳಕಿದೆ ಅನಿಸುತ್ತದೆ. ನಿಜವಾಗಿ ಕಿಟಕಿಯಿಂದ ಆರೇಳು ಅಡಿ ಒಳಗೆ ಬಂದರೆ ಉಳಿಯುವುದು ಸಣ್ಣ ಪಾಲು ಮಾತ್ರ. ನಿಮ್ಮ ಫ್ರಿಜ್ ಮೇಲಿನ ಗಿಡಗಳು ಹಸಿದೇ ಸತ್ತಿವೆ.

ಪಶ್ಚಿಮದ ಕಿಟಕಿಗೆ ಇನ್ನೊಂದು ಗುಣವಿದೆ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಮೇಲಿನ ಬಿಸಿಲು ಎಲೆಯನ್ನು ಸುಡುತ್ತದೆ. ಜೂನ್ ಬಂತೆಂದರೆ ಗಾಳಿಮಳೆ ಹೊಡೆಯುವುದೂ ಅದೇ ಕಡೆಯಿಂದ. ಕಿಟಕಿಗೆ ತೆಳು ಬಿಳಿ ಪರದೆ ಹಾಕಿ, ಗಿಡಗಳನ್ನು ಎರಡು ಮೂರಡಿ ಒಳಗೆ ಇಡಿ.

ಈಗ ಅಂದದ ಮಾತು. ಬದುಕಿರುವ ಗಿಡಗಳನ್ನೆಲ್ಲ ಒಂದೇ ಮೂಲೆಗೆ ತನ್ನಿ. ಟಿ.ವಿ. ಪಕ್ಕ, ಶೋಕೇಸ್ ಮೇಲೆ ಖಾಲಿ ಬಿಡಿ. ಚಿಕ್ಕ ಹಾಲ್‌ನಲ್ಲಿ ಖಾಲಿ ಗೋಡೆ ಇದ್ದರೇನೇ ಗಿಡ ಎದ್ದು ಕಾಣುವುದು. ಆ ಮೂಲೆಗೆ ಎತ್ತರದ್ದೊಂದು ಬೇಕು, ನಾಲ್ಕೈದು ಅಡಿಯ ಅರೆಕಾ ಪಾಮ್ ಅಥವಾ ಕಡು ಬಣ್ಣದ ರಬ್ಬರ್ ಗಿಡ. ಅದರ ಮೊಣಕಾಲಿಗೆ ಬರುವಂತೆ ಒಂದು ಸ್ನೇಕ್ ಪ್ಲಾಂಟ್ ಅಥವಾ ಅಗ್ಲೋನೀಮಾ. ಪಕ್ಕದ ಸ್ಟೂಲ್ ಮೇಲಿಂದ ಇಳಿಬೀಳುವಂಥದ್ದು ಒಂದು. ಎಲೆಗಳು ಒಂದಕ್ಕೊಂದು ಬೇರೆ ಥರ ಇರಲಿ. ಅರೆಕಾದ ಸಪೂರ ಗರಿಯ ಪಕ್ಕ ರಬ್ಬರ್ ಗಿಡದ ಅಗಲ ಎಲೆ ಇಟ್ಟು ನೋಡಿ, ಎರಡೂ ಮೊದಲಿಗಿಂತ ಚಂದ ಕಾಣುತ್ತವೆ. ಹೊಸದಾಗಿ ಕೊಳ್ಳುವುದಿದ್ದರೆ ಹತ್ತು ಸಣ್ಣ ಗಿಡದ ದುಡ್ಡಿಗೆ ಒಂದು ದೊಡ್ಡದನ್ನೇ ತನ್ನಿ.

ಕುಂಡಗಳಿಗೆ ಧಾರಾವಿಯ ಕುಂಭಾರವಾಡಾಕ್ಕೆ ಒಮ್ಮೆ ಹೋಗಿಬನ್ನಿ. ಸೌರಾಷ್ಟ್ರದಿಂದ ಬಂದ ಕುಂಬಾರ ಕುಟುಂಬಗಳು ತಲೆಮಾರುಗಳಿಂದ ಅಲ್ಲಿ ಚಕ್ರ ತಿರುಗಿಸುತ್ತಿವೆ. 90 ಅಡಿ ರಸ್ತೆಯ ಬದಿಯಲ್ಲೇ ಸಾಲಾಗಿ ಕುಂಡಗಳು ಸಿಗುತ್ತವೆ. ಎಲ್ಲ ಗಿಡಕ್ಕೂ ಒಂದೇ ಬಣ್ಣದ ಮಣ್ಣಿನ ಕುಂಡ ಆದರೆ ಅರ್ಧ ಅಲಂಕಾರ ಅಲ್ಲೇ ಮುಗಿಯಿತು. ಹೊಸ ಕುಂಡವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಆಮೇಲೆ ಗಿಡ ನೆಡಿ, ಇಲ್ಲದಿದ್ದರೆ ಹಾಕಿದ ನೀರನ್ನೆಲ್ಲ ಕುಂಡವೇ ಕುಡಿಯುತ್ತದೆ. ಮಣ್ಣಿನ ಕುಂಡ ನೀರು ಜಿನುಗಿಸುತ್ತದೆ, ಆದ್ದರಿಂದ ಅಡಿಗೆ ತಟ್ಟೆ ಬೇಕು.

ಇನ್ನು ಅಟ್ಟದ ಮೇಲಿರುವ ಊರಿನ ಪಾತ್ರೆಗಳನ್ನು ದಯವಿಟ್ಟು ಕೆಳಗಿಳಿಸಿ. ಮುಲುಂಡಿನ ನಮ್ಮ ಮನೆಯ ಹಾಲ್‌ನಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಹಂಡೆ ಇದೆ. ಕಾರ್ಕಳದಿಂದ ಬಸ್ಸಿನ ಡಿಕ್ಕಿಯಲ್ಲಿ ಬಂದದ್ದು, ಕಂಠದ ಹತ್ತಿರ ಒಂದು ನೆಗ್ಗು ಇದೆ. ಅದರಲ್ಲಿ ಅರೆಕಾ ನಿಂತಿದೆ. ಬಂದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಆದರೆ ಹಂಡೆಗೆ ನೇರವಾಗಿ ಮಣ್ಣು ತುಂಬಬಾರದು. ಅಡಿಯಲ್ಲಿ ತೂತಿಲ್ಲ, ನೀರು ನಿಂತು ಬೇರು ಕೊಳೆಯುತ್ತದೆ. ಹಿತ್ತಾಳೆಗೂ ಕಿಲುಬು ಹಿಡಿಯುತ್ತದೆ. ನಾನು ಮಾಡುವುದು ಹೀಗೆ: ಹಂಡೆಯ ಬಾಯಿ ಅಳೆದು, ಅದರೊಳಗೆ ಸಲೀಸಾಗಿ ಇಳಿಯುವ ಪ್ಲಾಸ್ಟಿಕ್ ಕುಂಡದಲ್ಲೇ ಗಿಡ ಇರುತ್ತದೆ. ಹಂಡೆಯ ತಳದಲ್ಲಿ ಒಂದು ಇಟ್ಟಿಗೆ, ಅದರ ಮೇಲೆ ಕುಂಡ. ಕುಂಡದ ಅಂಚು ಹಂಡೆಯ ಬಾಯಿಗಿಂತ ಒಂದಿಂಚು ಕೆಳಗೆ ಇರಬೇಕು, ಆಗ ಪ್ಲಾಸ್ಟಿಕ್ ಕಾಣುವುದಿಲ್ಲ. ನೀರು ಹಾಕುವ ದಿನ ಕುಂಡವನ್ನು ಎತ್ತಿ ಬಚ್ಚಲಿಗೆ ಒಯ್ದು, ಚೆನ್ನಾಗಿ ನೀರುಣಿಸಿ, ಪೂರ್ತಿ ಬಸಿದ ಮೇಲೆ ವಾಪಸ್ ಇಡುತ್ತೇನೆ. ಕೊಡಪಾನ, ಉರುಳಿ, ಹಳೇ ಅಕ್ಕಿ ಅಳೆಯುವ ಸೇರು, ಎಲ್ಲದಕ್ಕೂ ಇದೇ ಕ್ರಮ.

ಪ್ರಶ್ನೆ: ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಮನಿ ಪ್ಲಾಂಟ್ ಕಪಾಟಿನ ಮೇಲಿಂದ ಉದ್ದಕ್ಕೆ ಇಳಿದಿದೆ, ಆದರೆ ಎಲೆ ಬರಬರುತ್ತಾ ಚಿಕ್ಕದಾಗುತ್ತಿದೆ. ಯಾಕೆ? (ವಾಶಿ)

ಬಳ್ಳಿ ಇಳಿಯುತ್ತಿರುವುದರಿಂದ. ಮನಿ ಪ್ಲಾಂಟ್ ಮೂಲದಲ್ಲಿ ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದ್ದು. ಕಾಡಿನಲ್ಲಿ ಮರ ಹತ್ತಿ ಬೆಳಕಿನ ಕಡೆ ಹೋಗುವ ಬಳ್ಳಿ. ಹತ್ತಲು ಆಸರೆ ಸಿಕ್ಕರೆ ಎಲೆ ದೊಡ್ಡದಾಗುತ್ತಾ ಹೋಗುತ್ತದೆ, ಜೋತು ಬಿದ್ದರೆ ಚಿಕ್ಕದಾಗುತ್ತದೆ. ಹಳೇ ತೋಟಗಳಲ್ಲಿ ಮರಕ್ಕೆ ಹಬ್ಬಿದ ಮನಿ ಪ್ಲಾಂಟ್ ನೋಡಿದ್ದೀರಾ? ಎಲೆ ಮೊರದಷ್ಟು ಅಗಲ ಇರುತ್ತದೆ. ಅದೂ ಇದೂ ಒಂದೇ ಗಿಡ ಅಂತ ನಂಬುವುದೇ ಕಷ್ಟ.

ಒಂದು ಪಿ.ವಿ.ಸಿ. ಪೈಪಿಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ, ಕುಂಡದ ನಡುವೆ ನಿಲ್ಲಿಸಿ. ಬಳ್ಳಿಯನ್ನು ಕತ್ತರಿಸಿ ಮೂರು ನಾಲ್ಕು ತುಂಡು ಮಾಡಿ ಅದರ ಬುಡದ ಸುತ್ತ ನೆಡಿ. ಪ್ರತಿ ತುಂಡಿನಲ್ಲೂ ಒಂದೆರಡು ಗೆಣ್ಣು ಇರಬೇಕು, ಬೇರು ಬರುವುದು ಗೆಣ್ಣಿನಿಂದ. ನಾರನ್ನು ಆಗಾಗ ಒದ್ದೆ ಮಾಡುತ್ತಿದ್ದರೆ ಬೇರು ಅದನ್ನೇ ಹಿಡಿದು ಹತ್ತುತ್ತದೆ. ಮೊಳೆಯ ಪ್ರಶ್ನೆಯೇ ಬರುವುದಿಲ್ಲ. ಮನೆ ಬದಲಿಸುವಾಗ ಕುಂಡ ಎತ್ತಿಕೊಂಡು ಹೋದರಾಯಿತು.

ಇದೇ ಕಂಬಕ್ಕೆ ವೀಳ್ಯದೆಲೆ ಬಳ್ಳಿ ಹಬ್ಬಿಸಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಹೃದಯದಾಕಾರದ ಮಿರುಗುವ ಎಲೆ, ಒಳ್ಳೆಯ ಹಸಿರು. ನೇರ ಬಿಸಿಲು ಬೇಡ, ತೇವದ ಗಾಳಿ ಬೇಕು, ಮುಂಬಯಿ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ನರ್ಸರಿಯವರು ದುಬಾರಿ ಬೆಲೆಗೆ ಮಾರುವ ಫಿಲೊಡೆಂಡ್ರಾನ್ ಪಕ್ಕ ಇಟ್ಟರೆ ಯಾವುದರಲ್ಲೂ ಕಡಿಮೆ ಇಲ್ಲ. ಪೂಜೆಗೆ ಎಲೆ ಬೇಕಾದಾಗ ಮನೆಯದ್ದೇ ಇರುತ್ತದೆ.

ಪ್ರಶ್ನೆ: ಮನೆಯಲ್ಲಿ ಬೆಕ್ಕು ಇದೆ, ಅಂಬೆಗಾಲಿಡುವ ಮೊಮ್ಮಗುವೂ ಇದೆ. ಯಾವ ಗಿಡ ಬೇಡ? (ಘಾಟ್‌ಕೋಪರ್)

ಕೇಳಿದ್ದು ಒಳ್ಳೆಯದಾಯಿತು. ಹಸಿ ಕೆಸುವಿನ ಎಲೆ ಗಂಟಲು ಕೆರೆಯುತ್ತದೆ, ಅದಕ್ಕೇ ಪತ್ರೊಡೆಗೆ ಹುಣಸೆಹುಳಿ ಹಾಕುತ್ತೇವೆ ಅಲ್ವಾ? ಆ ಕೆರೆತಕ್ಕೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಯಂಥ ಹರಳುಗಳು. ಅಂಗಡಿಯಲ್ಲಿ ಸಿಗುವ ಅಂದದ ಗಿಡಗಳಲ್ಲಿ ಅನೇಕವು ಈ ಕೆಸುವಿನ ಬಳಗದವೇ: ಮನಿ ಪ್ಲಾಂಟ್, ಡಿಫೆನ್‌ಬೇಕಿಯಾ, ಅಲೊಕೇಸಿಯಾ, ಮಾನ್‌ಸ್ಟೆರಾ, ಫಿಲೊಡೆಂಡ್ರಾನ್, ಅಗ್ಲೋನೀಮಾ, ಪೀಸ್ ಲಿಲಿ, ಆಂಥೂರಿಯಂ. ಮಗುವಾಗಲಿ ಬೆಕ್ಕಾಗಲಿ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಇವುಗಳಲ್ಲಿ ಡಿಫೆನ್‌ಬೇಕಿಯಾ ಅಂತೂ ಮನೆಗೆ ತರಲೇಬೇಡಿ. ಸ್ನೇಕ್ ಪ್ಲಾಂಟ್ ಬೇರೆ ಬಳಗದ್ದು, ಆದರೂ ಬೆಕ್ಕಿಗೆ ಆಗದು.

ಬೊಕೆಯಲ್ಲಿ ಬರುವ ದೊಡ್ಡ ಲಿಲಿ ಹೂವಿನ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅದರ ಪರಾಗ ಮೈಗೆ ತಾಗಿ ನೆಕ್ಕಿಕೊಂಡರೂ ಬೆಕ್ಕಿನ ಕಿಡ್ನಿ ಕೆಡುತ್ತದೆ. ಜೀವವೇ ಹೋಗಬಹುದು.

ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಬೋಸ್ಟನ್ ಫರ್ನ್, ಕಲೇಥಿಯಾ, ಪೆಪರೋಮಿಯಾ, ಇವು ಧೈರ್ಯವಾಗಿ ಇಡಬಹುದಾದವು. ಕುಂಡ ಮಾತ್ರ ಅಗಲ ತಳದ್ದು, ಭಾರದ್ದು ಇರಲಿ. ಮಗು ಹಿಡಿದು ನಿಂತರೆ ಮಗುಚಬಾರದು.

ಪ್ರಶ್ನೆ: ಬೆಡ್‌ರೂಮಿನಲ್ಲಿ ಎರಡು ಸ್ನೇಕ್ ಪ್ಲಾಂಟ್ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಅಂತ ನರ್ಸರಿಯವರು ಹೇಳಿದರು. ನಿಜವೇ? (ಅಂಧೇರಿ)

ಆ ಲೆಕ್ಕಕ್ಕೆ ತರಬೇಡಿ. ಮಾತು ಶುರುವಾದದ್ದು ಅಮೆರಿಕದ ನಾಸಾ 1989ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ. ಅವರು ಗಿಡಗಳನ್ನು ಗಾಳಿಯಾಡದ, ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿದ್ದರು. ನಮ್ಮ ಬೆಡ್‌ರೂಮ್ ಹಾಗಿಲ್ಲ, ಬಾಗಿಲು ಕಿಟಕಿಯ ಸಂದಿಯಿಂದ ಗಾಳಿ ಓಡಾಡುತ್ತಲೇ ಇರುತ್ತದೆ. ಅಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿ 2019ರಲ್ಲಿ ಬಂದ ವಿಮರ್ಶೆಯ ಪ್ರಕಾರ, ಮಾಮೂಲಿ ಗಾಳಿಯಾಟದಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ನೂರು ಚದರಡಿಯ ಕೋಣೆಗೆ ಕಡಿಮೆ ಅಂದರೂ ತೊಂಬತ್ತು ಗಿಡ ಆಯಿತು.

ಗಾಳಿಗೆ ಕಿಟಕಿ ತೆರೆಯಿರಿ. ಸ್ನೇಕ್ ಪ್ಲಾಂಟನ್ನು ಅದರ ಚಂದಕ್ಕಾಗಿ ತನ್ನಿ. ನೆಟ್ಟಗೆ ನಿಲ್ಲುತ್ತದೆ, ಜಾಗ ತಿನ್ನುವುದಿಲ್ಲ, ಮಬ್ಬು ಬೆಳಕಲ್ಲೂ ತಾಳುತ್ತದೆ, ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದರೂ ಹಾಗೇ ಇರುತ್ತದೆ. ಮಂಚದ ಪಕ್ಕ ಒಂದೇ ಒಂದು, ಸರಳ ಕುಂಡದಲ್ಲಿ. ಬೆಡ್‌ರೂಮಿಗೆ ಅಷ್ಟು ಸಾಕು.

ಪ್ರಶ್ನೆ: ಬೋಸ್ಟನ್ ಫರ್ನ್ ಏಪ್ರಿಲ್‌ನಲ್ಲಿ ತುದಿಯೆಲ್ಲ ಒಣಗಿ ಕಂದಾಗುತ್ತದೆ. ಮುಂಬಯಿಯ ತಂಗಿ ಮನೆಯಲ್ಲಿ ಅದೇ ಗಿಡ ಸೊಂಪಾಗಿದೆ. (ಪುಣೆ)

ಪುಣೆಯ ಬೇಸಿಗೆ ಒಣ ಬೇಸಿಗೆ, ಫರ್ನಿಗೆ ಗಾಳಿಯಲ್ಲೇ ತೇವ ಬೇಕು. ಮಾರ್ಚ್‌ನಿಂದ ಮಳೆ ಬರುವತನಕ ಕಿಟಕಿ ಇರುವ ಬಾತ್‌ರೂಮಿಗೆ ಸ್ಥಳಾಂತರ ಮಾಡಿ, ಅಲ್ಲೂ ಅದು ತುಂಬಾ ಚಂದ ಕಾಣುತ್ತದೆ. ಹಾಲ್‌ನ ಜಾಗಕ್ಕೆ ಆ ತಿಂಗಳುಗಳಲ್ಲಿ ರಬ್ಬರ್ ಗಿಡ ಇಡಿ.

ಪ್ರಶ್ನೆ: ಸೊಳ್ಳೆ ತಪಾಸಣೆಗೆ ಬಂದ ಪಾಲಿಕೆಯವರು ನೀರಲ್ಲಿಟ್ಟ ಮನಿ ಪ್ಲಾಂಟ್ ತೆಗೆಯಿರಿ ಅಂದರು. ಗಾಜಿನ ಬಾಟಲಿಗಳು ಕಿಟಕಿಯಲ್ಲಿ ಎಷ್ಟು ಚಂದ ಇದ್ದವು! ಬೇರೆ ದಾರಿ ಇಲ್ಲವೇ? (ಕುರ್ಲಾ)

ಅವರು ಹೇಳಿದ್ದು ಸರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯೊಳಗಿನ ತಿಳಿನೀರಲ್ಲೇ ಮೊಟ್ಟೆ ಇಡುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಬದಲಿಸಿದರೆ ಆಯಿತು ಅಂತ ಬಹಳ ಜನ ತಿಳಿದಿದ್ದಾರೆ. ಮೊಟ್ಟೆಗಳು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಗಾಜಿಗೇ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬಾಟಲಿಯ ಒಳಗೆ ಬ್ರಷ್ ಹಾಕಿ ಉಜ್ಜಿ ತೊಳೆಯಲೇಬೇಕು, ವಾರ ತಪ್ಪದೆ. ಸಪೂರ ಕುತ್ತಿಗೆಯ ಬಾಟಲಿಯಲ್ಲಿ ಅದು ಆಗದ ಕೆಲಸ.

ಮಳೆಗಾಲದಲ್ಲಿ ನೀರಿನ ಗಿಡ ಬೇಡವೇ ಬೇಡ. ಅವನ್ನು ಮಣ್ಣಿಗೆ ದಾಟಿಸಿ. ಬಾಟಲಿಗಳ ಮೇಲೆ ಮೋಹ ಇದ್ದರೆ, ಒಣಗಿದ ತಾವರೆ ಕಾಯಿ, ಲಾವಂಚದ ಬೇರು ಹಾಕಿಡಿ. ಕುಂಡದ ಅಡಿಯ ತಟ್ಟೆಗಳನ್ನು ಮರೆಯಬೇಡಿ, ಅಲ್ಲಿ ನಿಂತ ನೀರೂ ಸೊಳ್ಳೆಗೆ ಸಾಕು. ಆ ತಿಂಗಳುಗಳಲ್ಲಿ ಗಿಡಕ್ಕೂ ನೀರು ಕಡಿಮೆ ಸಾಕು. ಬೆರಳಿನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ, ಅಲ್ಲಿ ಒಣಗಿದ್ದರೆ ಮಾತ್ರ ಹಾಕಿ.

ಪ್ರಶ್ನೆ: ದೇವರ ಕೋಣೆಯ ಮುಂದೆ ಚಂದದ ಕಟ್ಟೆ ಮಾಡಿಸಿ ತುಳಸಿ ಇಟ್ಟಿದ್ದೇವೆ. ಎಷ್ಟು ಸಲ ತಂದರೂ ಒಣಗುತ್ತದೆ. ಮನಸ್ಸಿಗೆ ಬೇಸರ. (ಮೀರಾ ರೋಡ್)

ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡಿ, ಅಶುಭ ಗಿಶುಭ ಏನಿಲ್ಲ. ತುಳಸಿ ಮನೆಯೊಳಗಿನ ಗಿಡವೇ ಅಲ್ಲ. ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೇಕು. ಊರಲ್ಲಿ ತುಳಸಿಕಟ್ಟೆ ಅಂಗಳದಲ್ಲಿರುವುದು ಸುಮ್ನೆ ಅಲ್ಲ. ಬಿಸಿಲು ಬೀಳುವ ಗ್ರಿಲ್‌ನಲ್ಲಿ ಗಿಡ ಇರಲಿ, ಕಟ್ಟೆಯ ಮುಂದೆ ದೀಪ ಹಚ್ಚಿ. ಹಬ್ಬದ ದಿನ, ತುಳಸಿ ಪೂಜೆಯ ದಿನ ಕುಂಡವನ್ನು ಒಳಗೆ ತಂದು ಕಟ್ಟೆಯಲ್ಲಿಟ್ಟು ಮರುದಿನ ವಾಪಸ್ ಇಡಿ.

ಗ್ರಿಲ್‌ನಲ್ಲಿ ಇಡುವಾಗ ಕುಂಡ ಗ್ರಿಲ್‌ನ ಒಳಗೇ ಇರಬೇಕು, ತಂತಿಯಿಂದ ಕಟ್ಟಿರಬೇಕು. ಕೆಳಗೆ ಜನ ಓಡಾಡುತ್ತಾರೆ. ನೆನೆದ ಮಣ್ಣು ತುಂಬಾ ಭಾರ, ಆದ್ದರಿಂದ ಮೂರರಲ್ಲಿ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ. ಮಂಜರಿ ಬಂದ ಹಾಗೆ ಚಿವುಟುತ್ತಿರಿ, ಬೀಜ ಕಟ್ಟಲು ಬಿಟ್ಟರೆ ಗಿಡ ಬೇಗ ಮುದಿಯಾಗುತ್ತದೆ. ಒಂದೆರಡು ಮಂಜರಿ ಮಾತ್ರ ಒಣಗಲು ಬಿಟ್ಟು, ಆ ಬೀಜವನ್ನು ಜೂನ್‌ನಲ್ಲಿ ಇನ್ನೊಂದು ಸಣ್ಣ ಕುಂಡದಲ್ಲಿ ಉದುರಿಸಿ.