ತಲೆನೋವಿನ ಮೂಲ ಕಣ್ಣಿನಲ್ಲಿರಬಹುದೇ?

ಪ್ರಶ್ನೆ: ನನಗೆ 43 ವರ್ಷ, ಮನೆಯಲ್ಲಿಯೇ ಹೊಲಿಗೆ ಮಾಡುತ್ತೇನೆ. ಕೆಲವು ತಿಂಗಳಿಂದ ಮಧ್ಯಾಹ್ನ ಕಳೆದ ಮೇಲೆ ಹಣೆ, ಹುಬ್ಬು ನೋಯಲು ಶುರುವಾಗುತ್ತದೆ. ಸೂಜಿಗೆ ದಾರ ಪೋಣಿಸಲು ಕೈಯನ್ನು ದೂರ ಹಿಡಿಯಬೇಕು. ಸಂತೆಯಲ್ಲಿ ಕೊಂಡ ಕನ್ನಡಕ ಹಾಕಿದರೂ ನೋವು ಪೂರ್ತಿ ಹೋಗಿಲ್ಲ. ಹೆಚ್ಚಿನ ದಿನ ಮಾತ್ರೆ ನುಂಗುತ್ತೇನೆ. 64 ವರ್ಷದ ನಮ್ಮ ಅತ್ತೆಗೂ ತಲೆನೋವಿದೆ. ಈ ಮಳೆಗಾಲದಲ್ಲಿ ಕರೆಂಟಿಲ್ಲದ ಸಂಜೆ ಎರಡು ಮೂರು ಸಲ ಬಲಗಣ್ಣಿನ ಸುತ್ತ ಜೋರು ನೋವು ಬಂದು ವಾಂತಿಯಾಯಿತು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದರು. ಮಲಗಿ ಎದ್ದ ಮೇಲೆ ಸರಿಹೋಯಿತು. ಇದು ಮೈಗ್ರೇನ್ ಇರಬಹುದೇ? ಇಬ್ಬರಿಗೂ ಕನ್ನಡಕ ಬದಲಿಸಿದರೆ ಸಾಕೇ?
— ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಮೊದಲು ನಿಮ್ಮ ಅತ್ತೆಯವರ ವಿಷಯ, ಏಕೆಂದರೆ ಅದು ಮುಂದಿನ ವಾರಕ್ಕೆ ಮುಂದೂಡುವಂಥದ್ದಲ್ಲ. ಮೈಗ್ರೇನ್ ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲೇ ಆರಂಭವಾಗುವ ಕಾಯಿಲೆ; ಅರವತ್ತು ದಾಟಿದವರಿಗೆ ಹೊಸದಾಗಿ ಒಂದೇ ಕಣ್ಣಿನ ಸುತ್ತ ನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಒಟ್ಟಿಗೆ ಬಂದರೆ ಕೋನ ಮುಚ್ಚಿಕೊಳ್ಳುವ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರಿ ನರಕ್ಕೆ ಹಾನಿಮಾಡುವ ಕಾಯಿಲೆ) ಇರಬಹುದೆಂದು ನಾವು ಮೊದಲು ಅನುಮಾನಿಸುತ್ತೇವೆ. ಕಣ್ಣಿನೊಳಗೆ ಸದಾ ಸ್ರವಿಸುವ ನೀರು ಕಪ್ಪುಗುಡ್ಡೆಯ ಅಂಚಿನ ಸಣ್ಣ ಕೋನದ ಮೂಲಕ ಹೊರಹೋಗಬೇಕು. ಆ ಕೋನ ಇಕ್ಕಟ್ಟಾಗಿರುವವರಲ್ಲಿ, ಮಂದ ಬೆಳಕಿಗೆ ಪಾಪೆ ಹಿಗ್ಗಿದಾಗ ದಾರಿ ಮುಚ್ಚಿಹೋಗಿ, 10ರಿಂದ 21 ಮಿ.ಮೀ. ಪಾದರಸದಷ್ಟಿರಬೇಕಾದ ಕಣ್ಣಿನ ಒತ್ತಡ ಕೆಲವೇ ಗಂಟೆಗಳಲ್ಲಿ 40ನ್ನೂ ಮೀರಬಹುದು. ನಿದ್ದೆಯಲ್ಲಿ ಪಾಪೆ ಕುಗ್ಗುವುದರಿಂದ ದಾರಿ ಮತ್ತೆ ತೆರೆದು ನೋವು ಇಳಿಯುತ್ತದೆ. ನಮ್ಮ ಕಡೆ ಜೋರು ಮಳೆಯ ಆಟಿ ತಿಂಗಳಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮನೆಗಳಲ್ಲಿ ಇಂಥ ಕಣ್ಣಿಗೆ ಅಪಾಯ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಮಲಗಿ ಎದ್ದ ಮೇಲೆ ಸರಿಹೋಯಿತೆಂಬ ನಂಬಿಕೆಯೇ ಇಲ್ಲಿ ಮೋಸಮಾಡುತ್ತದೆ. ಮುಂದಿನ ಸಲ ದಾರಿ ತೆರೆಯದಿದ್ದರೆ ಕಣ್ಣಿನ ನರಕ್ಕೆ ಆಗುವ ಹಾನಿಯನ್ನು ಯಾವ ಔಷಧಿಯಿಂದಲೂ ಸರಿಪಡಿಸಲಾಗದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ನಾಳೆಯೇ ಕರೆದೊಯ್ಯಿರಿ. ಮೇಲಿನ ಲಕ್ಷಣಗಳನ್ನೆಲ್ಲ ಹೇಳಿ, ಗೋನಿಯೊಸ್ಕೋಪಿ (ಆ ಕೋನವನ್ನು ಮಸೂರವಿಟ್ಟು ನೋಡುವ ಪರೀಕ್ಷೆ) ಆಗಬೇಕೇ ಎಂದು ಕೇಳಿ. ನೋವಿಲ್ಲದ ದಿನ ಒತ್ತಡ ಸರಿಯಾಗಿಯೇ ಕಾಣಬಹುದಾದ್ದರಿಂದ ಒತ್ತಡವನ್ನಷ್ಟೇ ಅಳೆದರೆ ಸಾಲದು, ಕೋನವನ್ನು ನೋಡಲೇಬೇಕು. ಕೋನ ಇಕ್ಕಟ್ಟಾಗಿದ್ದರೆ ಲೇಸರ್‌ನಿಂದ ಪಾಪೆಯ ಸುತ್ತಲಿನ ಬಣ್ಣದ ಪದರವಾದ ಐರಿಸ್‌ನಲ್ಲಿ ಸೂಕ್ಷ್ಮ ರಂಧ್ರ ಮಾಡುತ್ತಾರೆ, ಸಾಮಾನ್ಯವಾಗಿ ಎರಡೂ ಕಣ್ಣಿಗೆ. ಅದಕ್ಕಾಗಿ ಮೈಸೂರಿಗೆ ಕಳುಹಿಸಿದರೂ ಹಿಂಜರಿಯಬೇಡಿ. ಅಲ್ಲಿಯವರೆಗೆ ವೈದ್ಯರನ್ನು ಕೇಳದೆ ನೆಗಡಿಯ ಮಾತ್ರೆ ಕೊಡಬೇಡಿ, ಕೆಲವು ಮಾತ್ರೆಗಳು ಪಾಪೆಯನ್ನು ಹಿಗ್ಗಿಸುತ್ತವೆ. ಕಣ್ಣು ಕೆಂಪಾಗಿ ನೋವು ಮರುಕಳಿಸಿದರೆ ರಾತ್ರಿಯಾದರೂ ಹೊರಡಿ. ಇನ್ನೊಂದು ಮಾತನ್ನೂ ಅತ್ತೆಯವರಲ್ಲಿ ವಿಚಾರಿಸಿ: ಕಣತಲೆ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಅದು ರಕ್ತನಾಳದ ಉರಿಯೂತವಾಗಿರಬಹುದು, ಅದರಿಂದಲೂ ದೃಷ್ಟಿ ಹಠಾತ್ತನೆ ಹೋಗಬಹುದು.

ನಿಮ್ಮದು ಬೇರೆ. ಬೆಳಿಗ್ಗೆ ಇಲ್ಲದೆ, ಹತ್ತಿರದ ಕೆಲಸ ಮಾಡಿದಷ್ಟೂ ಏರುವ ಹಣೆನೋವು ಮತ್ತು ಸೂಜಿಯನ್ನು ದೂರ ಹಿಡಿಯುವುದು ಚಾಳೀಸಿನ, ಅಂದರೆ ನಲವತ್ತರ ಆಸುಪಾಸಿನಲ್ಲಿ ಹತ್ತಿರದ್ದು ಮಂಜಾಗುವುದರ, ಲಕ್ಷಣ. ಸಂತೆಯ ಕನ್ನಡಕದಲ್ಲಿ ಎರಡೂ ಗಾಜಿಗೆ ಒಂದೇ ನಂಬರ್ ಇರುತ್ತದೆ, ಕಣ್ಣುಗುಡ್ಡೆಯ ಓರೆ ಆಕಾರವನ್ನು ಸರಿದೂಗಿಸುವ ಅಡ್ಡ ನಂಬರ್ (ಸಿಲಿಂಡರ್) ಇರುವುದೇ ಇಲ್ಲ. ಕಣ್ಣಿನ ಅಳತೆ ಮಾಡಿಸಿದರೆ ಎರಡು ಕಣ್ಣಿಗೆ ಬೇರೆ ಬೇರೆ ನಂಬರ್ ಬೇಕೇ, ಅಡ್ಡ ನಂಬರ್ ಬೇಕೇ ಎಂಬುದು ಗೊತ್ತಾದೀತು. ಹೊಲಿಗೆ ಯಂತ್ರದಿಂದ ಕಣ್ಣಿಗಿರುವ ದೂರವನ್ನು ಅಳೆದುಕೊಂಡು ಹೋಗಿ ಹೇಳಿ, ಏಕೆಂದರೆ ಪತ್ರಿಕೆ ಓದುವ ದೂರಕ್ಕೆ ಕೊಟ್ಟ ನಂಬರ್ ಯಂತ್ರಕ್ಕೆ ಹೊಂದದಿರಬಹುದು.

ಮಾತ್ರೆಗಳನ್ನು ಮಾತ್ರ ಕಡಿಮೆ ಮಾಡಿ. ತಿಂಗಳಿಗೆ 15 ಅಥವಾ ಹೆಚ್ಚು ದಿನ ಸಾಮಾನ್ಯ ನೋವಿನ ಮಾತ್ರೆ ನುಂಗುತ್ತಾ ಬಂದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ಸರಿಯಾದ ಕನ್ನಡಕ ಹಾಕಿ ಒಂದು ತಿಂಗಳಾದರೂ ನೋವು ಉಳಿದರೆ, ಕಣ್ಣನ್ನು ಬಿಟ್ಟು ರಕ್ತದೊತ್ತಡ, ಕತ್ತು, ನಿದ್ದೆಗಳ ಕಡೆ ನೋಡಲು ಸಾಮಾನ್ಯ ವೈದ್ಯರಲ್ಲಿಗೆ ಹೋಗಿ.