ಯಾವ ಕೋಣೆಗೆ ಯಾವ ನೆಲ?

ಪ್ರಶ್ನೆ: ನಾಲೆ ಬಯಲಿನ ಗದ್ದೆ ಪಕ್ಕ ಮನೆ ಕಟ್ಟಿಸುತ್ತಿದ್ದೇವೆ. ಇಡೀ ಮನೆಗೆ ಎರಡಡಿಯ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಬಿಡೋಣ ಅನ್ನುತ್ತಾರೆ ಮೇಸ್ತ್ರಿ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ಸರಿಹೋಗುತ್ತದೆಯೇ?
– ಓದುಗರು, ಮಂಡ್ಯ

ಉತ್ತರ: ಪಡಸಾಲೆಗೂ ಮಲಗುವ ಕೋಣೆಗೂ ಆಗಬಹುದು, ಅಲ್ಲೂ ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಆದರೆ ತಾಯಿಯವರಿಗೆ ಒಳ್ಳೆಯದು. ಬಚ್ಚಲುಮನೆಗೆ ಮಾತ್ರ ಖಂಡಿತ ಬೇಡ.

ಬಚ್ಚಲಿಗೆ ಒಂದಡಿ ಚೌಕದ, ಜಾರದ ಟೈಲ್ಸ್ ತನ್ನಿ. ನೆಲ ನೀರು ಹೋಗುವ ಜಾಲರಿಯ ಕಡೆಗೆ 6 ಅಡಿಗೆ ಸುಮಾರು 1 ಇಂಚು ಇಳಿಜಾರಿರಬೇಕು. ದೊಡ್ಡ ಟೈಲ್ಸ್ ಆ ಇಳಿಜಾರಿಗೆ ಕೂರುವುದಿಲ್ಲ, ಮೂಲೆಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಕಾಲು ಜಾರುವುದು ಅಲ್ಲೇ. ಅಂಗಡಿಯಲ್ಲೇ ಟೈಲ್ ಮೇಲೆ ನೀರು ಸುರಿಸಿ, ಬರಿಗಾಲಲ್ಲಿ ನಿಂತು ನೋಡಿ. ಟೈಲ್ಸ್ ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಬಳಿಸಿ, ಗೋಡೆಗೂ ಒಂದಡಿ ಹತ್ತಿಸಿ. ಅದು ಒಣಗಿದ ಮೇಲೆ 24 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಿ.

ಅಡುಗೆಮನೆ ನೆಲಕ್ಕೂ ಮ್ಯಾಟ್ ಟೈಲ್ಸೇ ಸರಿ. ಮಾರ್ಬಲ್ ಬೇಡ, ಹುಣಸೆ, ನಿಂಬೆ ಹುಳಿ ಬಿದ್ದಲ್ಲಿ ಅದರ ಹೊಳಪು ತಿಂದುಹೋಗುತ್ತದೆ.

ಗದ್ದೆ ಪಕ್ಕ ಎಂದಿರಿ, ಹಾಗಾದರೆ ಟೈಲ್ಸಿಗಿಂತ ಅದರ ಅಡಿಯ ಕೆಲಸ ಮುಖ್ಯ. ನಾಲೆಗೆ ನೀರು ಬಿಟ್ಟಾಗ ತೇವ ಮೇಲೇರುತ್ತದೆ, ಸಂದಿಗಳಲ್ಲಿ ಬಿಳಿ ಉಪ್ಪು ಕಾಣಿಸುತ್ತದೆ. ಮಣ್ಣು ದಿಮ್ಮಿಸಿದ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ. ಹಾಳೆಗಳು ಕೂಡುವಲ್ಲಿ ಅಂಚುಗಳು ಒಂದರ ಮೇಲೊಂದು ಕನಿಷ್ಠ ಅರ್ಧ ಅಡಿ ಹೊದ್ದಿರಲಿ. ಅದರ ಮೇಲೆ 4 ಇಂಚು ಕಾಂಕ್ರೀಟ್.

ವಿಟ್ರಿಫೈಡ್ ಟೈಲ್ ನೀರನ್ನು ಹೆಚ್ಚುಕಮ್ಮಿ ಹೀರುವುದೇ ಇಲ್ಲ, ಆದ್ದರಿಂದ ಬರೀ ಸಿಮೆಂಟ್ ಗಾರೆ ಅದಕ್ಕೆ ಹಿಡಿಯದು. ಟೈಲ್ ಅಡ್ಹೆಸಿವ್ (ಟೈಲ್ ಅಂಟು) ಬಳಸಿ, ಹಲ್ಲಿನ ಕರಣೆಯಿಂದ ಪೂರ್ತಿ ಹರಡಿಸಿ. ನಾಲ್ಕು ಮೂಲೆಗೆ ಗುಡ್ಡೆ ಇಟ್ಟು ಕೂರಿಸಿದರೆ ಅಡಿಯಲ್ಲಿ ಪೊಳ್ಳು ಉಳಿದು, ಭಾರ ಬಿದ್ದಾಗ ಸೀಳುತ್ತದೆ. ಸಂದಿಗೆ 2 ಮಿ.ಮೀ. ಸ್ಪೇಸರ್ (ಟೈಲ್‌ಗಳ ನಡುವೆ ಸಮ ಅಂತರ ಕಾಯುವ ಸಣ್ಣ ತುಂಡು) ಇಡಿಸಿ, ಗೋಡೆ ಬದಿಯಲ್ಲೂ ಅಂತರ ಬಿಡಿಸಿ. ಗೋಡೆಯ ಬುಡಕ್ಕೆ ಹಾಕುವ ಪಟ್ಟಿ, ಅಂದರೆ ಸ್ಕರ್ಟಿಂಗ್, ಅದನ್ನು ಮುಚ್ಚುತ್ತದೆ. ಸಂದಿ ಬಿಡದ ನೆಲ ಬೇಸಿಗೆಯಲ್ಲಿ ಹಿಗ್ಗಿ ಸಾಲುಸಾಲಾಗಿ ಎದ್ದುಬಿಡುತ್ತದೆ.

ಲೆಕ್ಕಕ್ಕೆ: ಎರಡಡಿ ಎನ್ನುವ ಟೈಲ್ ನಿಜಕ್ಕೂ 60 ಸೆಂ.ಮೀ., ಎರಡಡಿಗಿಂತ ತುಸು ಕಡಿಮೆ. 10×12 ಅಡಿ ಕೋಣೆಗೆ 31 ಬೇಕು, ಕತ್ತರಿಕೆಗೆ ಶೇ. 10 ಸೇರಿಸಿ 34. ನಾಲ್ಕರ ಬಾಕ್ಸ್ ಆದರೆ 9. ಎಲ್ಲ ಬಾಕ್ಸ್‌ಗಳ ಬ್ಯಾಚ್ ಸಂಖ್ಯೆ ಒಂದೇ ಇರಲಿ, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ.

ಪ್ರಶ್ನೆ: ಅಗ್ರಹಾರದ ಹಳೇ ಮನೆಯ ರೆಡ್ ಆಕ್ಸೈಡ್ ನೆಲದಲ್ಲಿ ಸಣ್ಣ ಬಿರುಕುಗಳಿವೆ. ಮೇಲೆ ಟೈಲ್ಸ್ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ದಯವಿಟ್ಟು ಅವಸರ ಮಾಡಬೇಡಿ. ನೆಲವನ್ನು ನಾಣ್ಯದಿಂದ ಬಡಿದು ನೋಡಿ, ಪೊಳ್ಳು ಸದ್ದು ಬರದಿದ್ದರೆ ಅದು ಗಟ್ಟಿಯಾಗಿದೆ. ಕೂದಲೆಳೆ ಬಿರುಕಿಗೆ ಸಿಮೆಂಟ್ ಮತ್ತು ಆಕ್ಸೈಡ್ (ಕೆಂಪು ಬಣ್ಣದ ಪುಡಿ) ಕಲಸಿ ತುಂಬಿಸಿದರೆ ಸಾಕು. ತೂಕದಲ್ಲಿ ಆಕ್ಸೈಡ್ ಸಿಮೆಂಟಿನ ಹತ್ತನೇ ಒಂದು ಪಾಲು ಮೀರದಿರಲಿ, ಹೆಚ್ಚಾದರೆ ತೇಪೆ ಪುಡಿಯುದುರುತ್ತದೆ. ಬಣ್ಣದಲ್ಲಿ ತುಸು ವ್ಯತ್ಯಾಸ ಉಳಿಯುತ್ತದೆ. ಟೈಲ್ಸೇ ಬೇಕೆಂದರೆ ಎಣ್ಣೆ, ಮೇಣ ಕುಡಿದ ಮೇಲ್ಮೈಯನ್ನು ಉಜ್ಜಿ ತೆಗೆಸಿ ಒರಟು ಮಾಡಿಸಲೇಬೇಕು. ನೆಲ ಸುಮಾರು ಅರ್ಧ ಇಂಚು ಏರುತ್ತದೆ, ಬಾಗಿಲುಗಳ ಅಡಿಯಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲೇ ಅಳೆಸಿ.