ಓದುಗರ ಪ್ರಶ್ನೆಗೆ ಉತ್ತರ: ಫುಟ್‌ಬಾಲ್‌ನಲ್ಲಿ ಆಫ್‌ಸೈಡ್ ಯಾವಾಗ, ಯಾಕೆ?

ಪ್ರಶ್ನೆ: ಲೇಲೆ ಮೈದಾನದಲ್ಲಿ ಮಕ್ಕಳ ಪಂದ್ಯ ಇತ್ತು. ಜೊತೆಗಾರ ಹೊಡೆದ ಬಾಲ್ ಗೋಲ್‌ಕೀಪರ್ ಕೈಗೆ ಬಡಿದು ವಾಪಸ್ ಬಂತು, ನನ್ನ ಮಗ ಒಳಗೆ ಹಾಕಿದ. ಆಫ್‌ಸೈಡ್ ಅಂತ ಗೋಲು ಕೊಡಲಿಲ್ಲ. ಎದುರಿನವರು ಮುಟ್ಟಿದ ಮೇಲೆ ಆಫ್‌ಸೈಡ್ ಇರೋದಿಲ್ಲ ಅಂತಾರಲ್ರೀ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಬಾಲ್ ಸಿಕ್ಕಾಗ ಅಲ್ಲ, ಜೊತೆಗಾರ ಹೊಡೆದಾಗ ನಿಮ್ಮ ಮಗ ಎಲ್ಲಿದ್ದ ಎಂಬುದನ್ನು ನೋಡಬೇಕು. ಆ ಕ್ಷಣದಲ್ಲಿ ಎದುರಾಳಿಯ ಅರ್ಧದಲ್ಲಿದ್ದು, ಅವನ ತಲೆ, ಮೈ ಅಥವಾ ಕಾಲಿನ ಯಾವುದೇ ಭಾಗ ಬಾಲ್‌ಗಿಂತಲೂ ಮುಂದೆ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಇದ್ದರೆ ಅದು ಆಫ್‌ಸೈಡ್ ಜಾಗ. ಎರಡೂ ಆಗಿರಬೇಕು. ಕೈ ಲೆಕ್ಕಕ್ಕಿಲ್ಲ. 1990ರಿಂದ ಆ ಎರಡನೆಯವನಿಗೆ ಸಮಸಮ ನಿಂತವನೂ ಆಫ್‌ಸೈಡ್ ಅಲ್ಲ. ಸಾಮಾನ್ಯವಾಗಿ ಗೋಲ್‌ಕೀಪರ್ ಕೊನೆಯವನಾಗಿರುವುದರಿಂದ ‘ಕೊನೆಯ ಡಿಫೆಂಡರ್’ ಎನ್ನುವ ರೂಢಿ ಬಂದಿದೆ. ಕೀಪರ್ ಮುಂದೆ ಓಡಿ ಬಂದಿದ್ದರೆ ಒಬ್ಬನೇ ಡಿಫೆಂಡರ್ ಹಿಂದೆ ಉಳಿದಿದ್ದರೂ ಸಾಲದು.

‘ಎದುರಿನವರು ಮುಟ್ಟಿದರೆ ಮುಗಿಯಿತು’ ಎಂಬುದು ಅರ್ಧ ಸತ್ಯ, ಜಗಳ ಹುಟ್ಟುವುದೂ ಅಲ್ಲೇ. ಡಿಫೆಂಡರ್ ಬಾಲನ್ನು ಹತೋಟಿಯಲ್ಲಿಟ್ಟುಕೊಂಡು ಬೇಕೆಂದೇ ಆಡಿದ್ದು ತಪ್ಪಾಗಿ ನಿಮ್ಮವನಿಗೆ ಬಂದರೆ ಆಫ್‌ಸೈಡ್ ಇಲ್ಲ. ಆದರೆ ಗೋಲಿಗೆ ಹೋಗುತ್ತಿದ್ದ ಬಾಲನ್ನು ತಡೆದದ್ದು, ಅದು ಕೀಪರ್ ಕೈಯಿಂದಾಗಲಿ ಡಿಫೆಂಡರ್ ಕಾಲಿನಿಂದಾಗಲಿ, ‘ಸೇವ್’. ಅದರಿಂದಾಗಲಿ, ಕಂಬಕ್ಕೆ ಬಡಿದು ಬಂದದ್ದರಿಂದಾಗಲಿ ಆಫ್‌ಸೈಡ್ ಅಳಿಯುವುದಿಲ್ಲ. ಹೊಡೆದಾಗ ನಿಮ್ಮ ಮಗ ಆಫ್‌ಸೈಡ್ ಜಾಗದಲ್ಲಿ ಇಲ್ಲದೆ ಆಮೇಲೆ ಓಡಿ ಬಂದಿದ್ದರೆ ಮಾತ್ರ ಅದು ನ್ಯಾಯವಾದ ಗೋಲು.

ಸುಮ್ಮನೆ ಆ ಜಾಗದಲ್ಲಿ ನಿಂತರೆ ತಪ್ಪಿಲ್ಲ. ಬಾಲ್ ಮುಟ್ಟಿದರೆ, ಕೀಪರ್‌ನ ಕಣ್ಣಿಗೆ ಅಡ್ಡ ನಿಂತರೆ, ಎದುರಾಳಿಯೊಡನೆ ಬಾಲಿಗಾಗಿ ಸೆಣಸಿದರೆ ತಪ್ಪು.

ಪ್ರಶ್ನೆ: ಕಾರ್ನರ್‌ನಲ್ಲಿ (ಮೈದಾನದ ಮೂಲೆಯಿಂದ ಹೊಡೆಯುವ ಕಿಕ್) ಆಫ್‌ಸೈಡ್ ಇಲ್ಲ, ಆದರೂ ನಮ್ಮ ಹುಡುಗನಿಗೆ ಕೊಟ್ಟರು. ಯಾಕೆ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಕಾರ್ನರ್, ಥ್ರೋ-ಇನ್, ಗೋಲ್ ಕಿಕ್‌ನಿಂದ ನೇರವಾಗಿ ಸಿಕ್ಕರೆ ಇಲ್ಲ. ಫ್ರೀ ಕಿಕ್‌ನಲ್ಲಿ ಇದೆ. ನಿಮ್ಮ ಹುಡುಗ ಬಹುಶಃ ಹತ್ತಿರದವನಿಗೆ ಕಾರ್ನರ್ ಕೊಟ್ಟು, ಗೋಲ್ ಲೈನಿನ ಬಳಿಯೇ ನಿಂತು ವಾಪಸ್ ಪಡೆದಿರಬೇಕು. ಎರಡನೇ ಪಾಸ್ ಹೊರಡುವಾಗ ಅವನು ಬಾಲ್‌ಗಿಂತ ಮುಂದಿರುತ್ತಾನೆ. ಕೊಟ್ಟ ಕೂಡಲೇ ಮೈದಾನದೊಳಕ್ಕೆ, ಬಾಲ್‌ನ ಹಿಂದಕ್ಕೆ ಸರಿಯಲು ಕಲಿಸಿ.

ಪ್ರಶ್ನೆ: ಶಾಲಾ ಪಂದ್ಯಗಳಲ್ಲಿ ಲೈನ್ಸ್‌ಮನ್ ಆಗಿ ನಿಲ್ಲುತ್ತೇನೆ. ಪಾಸ್ ಕೊಡುವವನನ್ನು ನೋಡಬೇಕೋ, ಓಡುವವನನ್ನೋ?
— ಓದುಗರು, ವಿಜಯಪುರ

ಉತ್ತರ: ಕಣ್ಣು ಆಫ್‌ಸೈಡ್ ಗೆರೆಯ (ಕೊನೆಯಿಂದ ಎರಡನೆಯ ಎದುರಾಳಿಯ ನೇರದ) ಮೇಲಿರಲಿ, ಕಿಕ್ಕಿನ ಸದ್ದಿಗೆ ಕಿವಿ ಇರಲಿ. ಪಾಸ್ ಕೊಡುವವನನ್ನು ನೋಡಿ ತಲೆ ತಿರುಗಿಸುವಷ್ಟರಲ್ಲಿ ಚಿತ್ರ ಬದಲಾಗಿರುತ್ತದೆ. ಸೆಕೆಂಡಿಗೆ 6 ಮೀಟರ್ ಓಡುವವನು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ 60 ಸೆಂಟಿಮೀಟರ್ ಮುಂದೆ ಹೋಗುತ್ತಾನೆ. ಡಿಫೆಂಡರ್ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಓಡುತ್ತಿದ್ದರೆ ಅಂತರ 1.2 ಮೀಟರ್. ಸಮಸಮ ಇದ್ದವನಿಗೆ ಬಾವುಟ ಏಳುವುದು ಹೀಗೆ. ಕೊನೆಯಿಂದ ಎರಡನೆಯ ಎದುರಾಳಿಯ ನೇರಕ್ಕೆ ನಿಲ್ಲಿ. ಬಾಲ್ ಅವನಿಗಿಂತ ಗೋಲ್ ಲೈನಿಗೆ ಹತ್ತಿರವಿದ್ದರೆ ಬಾಲ್‌ನ ನೇರಕ್ಕೆ. ಮೈದಾನಕ್ಕೆ ಮುಖ ಮಾಡಿ ಅಡ್ಡ ಹೆಜ್ಜೆಯಲ್ಲೇ ಸರಿಯುತ್ತಿರಿ. ಆಟಗಾರ ಆಟದಲ್ಲಿ ಭಾಗಿಯಾಗುವವರೆಗೆ ಕಾದು ಬಾವುಟ ನೆಟ್ಟಗೆ ಎತ್ತಿ. ರೆಫರಿ ಸೀಟಿ ಊದಿದ ಮೇಲೆ ತಪ್ಪು ಆಚೆ ಬದಿಯಲ್ಲಾಗಿದ್ದರೆ ಬಾವುಟವನ್ನು ಓರೆಯಾಗಿ ಮೇಲಕ್ಕೆ, ನಡುವೆಯಾದರೆ ಅಡ್ಡಕ್ಕೆ, ನಿಮ್ಮ ಬದಿಯಲ್ಲಾದರೆ ಓರೆಯಾಗಿ ಕೆಳಕ್ಕೆ ಹಿಡಿಯಿರಿ. ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಕಿಕ್) ತಪ್ಪಾದ ಜಾಗದಿಂದಲೇ.